ಮದ್ಯ ಬಿಟ್ಟವರ ವಿಮಾನ ಪ್ರಯಾಣಕ್ಕೂ ಆಸರೆ ಬೇಕು

ಮದ್ಯವ್ಯಸನದ ಚಿಕಿತ್ಸೆ ಪಡೆದು ಮಂಗಳೂರಿನಿಂದ ಗಲ್ಫ್‌ಗೆ ಮರಳುವವರಿಗೆ ವಿಮಾನ ಪ್ರಯಾಣದ ವೇಳೆ ಯಾವ ಆಸರೆಯೂ ಇಲ್ಲ. ದೇಶೀಯ ವಿಮಾನಗಳಲ್ಲಿ ಮದ್ಯ ಕೊಡುವುದಿಲ್ಲ. ವಿದೇಶಕ್ಕೆ ಹಾರುವ ಹಲವು ವಿಮಾನಗಳಲ್ಲಿ, ಸುಂಕರಹಿತ ಮಳಿಗೆಗಳಲ್ಲಿ ಅದು ಕೈಗೇ ಸಿಗುತ್ತದೆ. ಮನೆಯವರು ಬಜಪೆಯ ವಿಮಾನ ನಿಲ್ದಾಣದಲ್ಲಿ ಬೀಳ್ಕೊಟ್ಟ ಮೇಲೆ ಗಂಟೆಗಟ್ಟಲೆ ಕಾಯುವುದು ಒಬ್ಬಂಟಿಯಾಗಿ.

ಮದ್ಯ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಸೇವಿಸುವವರು ಒಂದು ಗುಟುಕು ಕುಡಿದರೂ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ಮಾತ್ರೆ ನಿಲ್ಲಿಸಿದ ಬಳಿಕವೂ ಸುಮಾರು ಎರಡು ವಾರ ಈ ಅಪಾಯ ತಪ್ಪದು. ಆಕಾಶದಲ್ಲಿ ಹೀಗಾದರೆ ಗತಿಯೇನು? ಮದ್ಯ ಬಿಟ್ಟಾಗಿನ ಆತಂಕ, ನಡುಕ ತಗ್ಗಿಸಲು ಕೊಡುವ ಡಯಾಜೆಪಾಮ್‌ನಂಥ ಮಾತ್ರೆ ಒಯ್ಯಲು ಯುಎಇಯ ಪೂರ್ವಾನುಮತಿಯೂ ಬೇಕು.

ಗಾಲಿಕುರ್ಚಿ ಕೋರಿದವರಿಗೆ ಇರುವಂತೆ, ವೈದ್ಯರ ಪತ್ರ ತೋರಿಸಿದವರಿಗೂ ವಿಮಾನ ಏರುವವರೆಗೆ ಸಿಬ್ಬಂದಿಯೊಬ್ಬರನ್ನು ಜತೆಗೆ ಕಳುಹಿಸುವ ವ್ಯವಸ್ಥೆಯನ್ನು ವಿಮಾನಯಾನ ಸಂಸ್ಥೆಗಳು ಮಾಡಲಿ. ವ್ಯಸನಮುಕ್ತಿ ಕೇಂದ್ರಗಳು ಬಿಡುಗಡೆ ಚೀಟಿಯಲ್ಲೇ ಮಾತ್ರೆಗಳ ವಿವರ, ಇಳಿದಲ್ಲಿ ಬರಮಾಡಿಕೊಳ್ಳುವವರ ದೂರವಾಣಿ ಸಂಖ್ಯೆಯನ್ನು ಬರೆದುಕೊಡಲಿ.

– ಓದುಗರು, ಕಾಪು