ಮಾಡ್ಯುಲರ್ ಸಿಂಥ್ ನುಡಿಸುವವರು ಒಮ್ಮೆ ಕ್ವಾಂಟೈಸರ್ ಕಿತ್ತಿಟ್ಟು ನೋಡಲಿ

ಮಾನ್ಯ ಸಂಪಾದಕರೇ,

ಯಂತ್ರದಲ್ಲಿ ಮಾಡಿದ ಸಂಗೀತ ಯಾರು ಮಾಡಿದರೂ ಒಂದೇ ಥರ ಇರುತ್ತದೆ, ಅದಕ್ಕೆ ಸ್ವಂತ ದನಿ ಅಂತ ಇರುವುದಿಲ್ಲ ಎಂದು ಸಂಗೀತ ಬಲ್ಲವರೇ ಹೇಳುವುದನ್ನು ಈಚೆಗೆ ಜಾಸ್ತಿ ಕೇಳುತ್ತಿದ್ದೇನೆ. ಚಿಕ್ಕಂದಿನಲ್ಲಿ ವೀಣೆ ಕಲಿತು, ಈಗ ಕೆಲವು ವರ್ಷಗಳಿಂದ ಮಾಡ್ಯುಲರ್ ಸಿಂಥಸೈಜರ್ ನುಡಿಸುತ್ತಿರುವ ನನಗೆ ಈ ಮಾತು ಅರ್ಧ ಒಪ್ಪಿಗೆ. ಒಂದೇ ಥರ ಕೇಳಿಸುತ್ತಿರುವುದು ನಿಜ. ಆದರೆ ಆ ದೂರನ್ನು ಯಂತ್ರದ ಮೇಲೆ ಹೊರಿಸುವುದು ಸರಿಯಲ್ಲ. ವೀಣೆಗೂ ಎಲ್ಲರ ಮನೆಯಲ್ಲೂ 24 ಮೆಟ್ಟಿಲು, ಏಳು ತಂತಿ ಅಷ್ಟೇ ಇರುವುದು. ಆದರೂ ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯನ್ನು ಎರಡು ಮೀಟು ಕೇಳಿದರೆ ಸಾಕು, ಇದು ಮೈಸೂರು ಬಾನಿ, ತಂಜಾವೂರಿನದಲ್ಲ ಅಂತ ಗೊತ್ತಾಗಿಬಿಡುತ್ತದೆ.

ಈ ವಾದ್ಯ ನೋಡದವರಿಗೆ ಎರಡು ಮಾತು. ಮಾಮೂಲಿ ಕೀಬೋರ್ಡ್‌ನಲ್ಲಿ ಒಳಗಿನ ಜೋಡಣೆಯನ್ನೆಲ್ಲ ಕಂಪನಿಯವರೇ ಮಾಡಿ ಮುಚ್ಚಿ ಕೊಡುತ್ತಾರೆ. ಮಾಡ್ಯುಲರ್‌ನಲ್ಲಿ ಎಲ್ಲ ಬಿಡಿಬಿಡಿ, ಒಂದೊಂದು ಬಿಡಿಭಾಗವೂ ಒಂದು ಮಾಡ್ಯೂಲ್. ಸ್ವರ ಹುಟ್ಟಿಸುವ ಆಸಿಲೇಟರ್ ಒಂದು, ಅದನ್ನು ಸೋಸುವ ಫಿಲ್ಟರ್ ಇನ್ನೊಂದು, ದನಿ ಏರಿಸಿ ಇಳಿಸುವುದು ಮತ್ತೊಂದು. ಯಾವುದರಿಂದ ಯಾವುದಕ್ಕೆ ಕೇಬಲ್ ಎಳೆಯಬೇಕು ಅನ್ನುವುದು ನಮಗೆ ಬಿಟ್ಟದ್ದು. ಆ ಕೇಬಲ್‌ನಲ್ಲಿ ಓಡುವುದು ವೋಲ್ಟೇಜ್. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. 1964ರ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ರಾಬರ್ಟ್ ಮೂಗ್ ತಮ್ಮ ಸಿಂಥ್‌ನಲ್ಲಿ ತಂದ ಲೆಕ್ಕ ಇದು, ಇವತ್ತಿಗೂ ಬಹುಪಾಲು ಮಾಡ್ಯೂಲ್‌ಗಳು ಇದನ್ನೇ ಪಾಲಿಸುತ್ತವೆ. 1990ರ ದಶಕದ ನಡುವಿನಲ್ಲಿ ಜರ್ಮನಿಯ ಡೀಟರ್ ಡೋಪ್ಫರ್ ಎ-100 ಎಂಬ ಸಣ್ಣ ಅಳತೆಯ ಸರಣಿ ತಂದರು. ಅದೇ ಯೂರೋರ್ಯಾಕ್ ಎಂಬ, ಹಲವು ಕಂಪನಿಗಳು ಪಾಲಿಸುವ ಅಳತೆಯಾಗಿ ಬೆಳೆದು, ಈಗ ಸಾವಿರಾರು ಬಗೆಯ ಮಾಡ್ಯೂಲ್‌ಗಳು ಸಿಗುತ್ತವೆ.

ಸಾವಿರಾರು ಬಗೆ ಇದ್ದರೂ ಕೇಳಿಸುವುದು ಮಾತ್ರ ಒಂದೇ. ಯಾವುದೇ ಮಾಡ್ಯುಲರ್ ವಿಡಿಯೊ ಹಾಕಿ ನೋಡಿ: ತನ್ನಷ್ಟಕ್ಕೆ ತಾನೇ ಹುಟ್ಟುವ ಸ್ವರಗಳ ಸಾಲು, ಅದನ್ನು ಐದೋ ಏಳೋ ಸ್ವರದ ಸ್ಕೇಲಿಗೆ ತಳ್ಳುವ ಕ್ವಾಂಟೈಸರ್, ಆಮೇಲೆ ದೊಡ್ಡ ಗುಹೆಯಂಥ ರಿವರ್ಬ್. ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಇದನ್ನು ಯಾರು ನುಡಿಸಿದರು ಎಂದು ಕಣ್ಣು ಮುಚ್ಚಿ ಹೇಳಿ ಅಂದರೆ ಆಗುವುದಿಲ್ಲ. ಎಲ್ಲರೂ ಹೆಸರಾದ ಅವೇ ನಾಲ್ಕಾರು ಮಾಡ್ಯೂಲ್ ಕೊಳ್ಳುತ್ತಾರೆ, ಅವು ಚೆನ್ನಾಗಿ ಮಾಡುವ ಕೆಲಸವನ್ನೇ ಮಾಡಿಸುತ್ತಾರೆ. ಬೇಸರವಾದರೆ ಇನ್ನೊಂದು ಕೊಳ್ಳುತ್ತಾರೆ. ಸ್ವಂತ ನಾದ ಮುಂದಿನ ಪಾರ್ಸೆಲ್‌ನಲ್ಲಿ ಬರುತ್ತದೆ ಎಂದು ಕಾಯುತ್ತಾ ವರ್ಷಗಳು ಹೋಗುತ್ತವೆ.

ಫ್ರಾನ್ಸಿನ ಎಲಿಯಾನ್ ರಾಡಿಗ್ ಅವರ ಕೆಲಸವನ್ನು ಇಂಥವರೆಲ್ಲ ಕೇಳಬೇಕು ಅಂತ ನನ್ನ ಆಸೆ. 1970ರ ದಶಕದ ಶುರುವಿನಲ್ಲಿ ನ್ಯೂಯಾರ್ಕ್‌ನಲ್ಲಿದ್ದಾಗ ಅವರು ಎಆರ್‌ಪಿ 2500 ಎಂಬ ಮಾಡ್ಯುಲರ್ ಸಿಂಥ್ ಕೊಂಡರು. ಪ್ಯಾರಿಸ್‌ಗೆ ಹೊರಟಾಗ ಕೀಬೋರ್ಡನ್ನು ಬೇಕೆಂದೇ ಅಲ್ಲಿಯೇ ಬಿಟ್ಟು ಬಂದರು. ಕೈಗೆ ಸಿಕ್ಕರೆ ನುಡಿಸುವ ಆಸೆಯಾಗುತ್ತದೆ, ಅದು ಬೇಡ ಅಂತ. ಆಮೇಲೆ ಸುಮಾರು ಮೂರು ದಶಕ ಆ ಒಂದೇ ವಾದ್ಯ. ಎರಡು ಆಸಿಲೇಟರ್‌ಗಳನ್ನು ಹತ್ತಿರಹತ್ತಿರ ಶ್ರುತಿ ಮಾಡಿ, ಅವುಗಳ ನಡುವೆ ಏಳುವ ಮೆಲ್ಲನೆಯ ಅಲೆಯನ್ನು ಕೂದಲೆಳೆಯಷ್ಟು ನಾಬ್ ತಿರುಗಿಸಿ ತಿರುಗಿಸಿ ಬದಲಿಸುತ್ತಿದ್ದರು. ಅರ್ಧ ನಿಮಿಷ ಕೇಳಿದರೆ ಅವರದೇ ಅಂತ ಗೊತ್ತಾಗುತ್ತದೆ. ತಂಬೂರಿ ಕೇಳಿ ಬೆಳೆದ ನಮ್ಮ ಕಿವಿಗಂತೂ ಬೇಗನೆ ಹತ್ತಿರವಾಗುತ್ತದೆ.

ಅವರು ಬಿಟ್ಟದ್ದು ಕೀಬೋರ್ಡ್. ನಾವು ಏನನ್ನು ಬಿಡಬೇಕು? ನನ್ನ ಉತ್ತರ ಕ್ವಾಂಟೈಸರ್.

ಕಾರಣವನ್ನು ಬಿಡಿಸಿ ಹೇಳುತ್ತೇನೆ. ಕ್ವಾಂಟೈಸರ್ ಮಾಡುವುದು ಇಷ್ಟೇ, ಬರುವ ವೋಲ್ಟೇಜನ್ನು ಪಿಯಾನೋದ 12 ಮನೆಗಳಲ್ಲಿ ಹತ್ತಿರದ ಒಂದಕ್ಕೆ ನೂಕಿ ಕೂರಿಸುತ್ತದೆ. ಒಂದು ಅರ್ಧಸ್ವರ ಅಂದರೆ ವೋಲ್ಟಿನ ಹನ್ನೆರಡನೇ ಒಂದು ಭಾಗ, ಸುಮಾರು 83 ಮಿಲಿವೋಲ್ಟ್. ನಾವು ತಂಬೂರಿಯಲ್ಲಿ ಕೇಳುವ ಅಂತರ ಗಾಂಧಾರ ಪಿಯಾನೋದ ಗಾಂಧಾರಕ್ಕಿಂತ ಸ್ವಲ್ಪ ಕೆಳಗಿದೆ. ಎಷ್ಟು ಕೆಳಗೆ ಅಂದರೆ ಸುಮಾರು 11 ಮಿಲಿವೋಲ್ಟ್. ಶ್ರುತಿ ಪೆಟ್ಟಿಗೆ ಹಾಕಿಕೊಂಡು, ಕ್ವಾಂಟೈಸರ್ ಕಿತ್ತಿಟ್ಟು, ಆಸಿಲೇಟರಿನ ನಾಬನ್ನು ಮೆಲ್ಲಗೆ ತಿರುಗಿಸಿ. ಶ್ರುತಿ ಕೂಡದಿದ್ದಾಗ ಕಿವಿಗೆ ಕೇಳುವ ಕೊರೆತ ಒಂದು ಜಾಗದಲ್ಲಿ ನಿಂತು ಎರಡು ದನಿಯೂ ಒಂದಾಗುತ್ತವೆ. ಆ 11 ಮಿಲಿವೋಲ್ಟನ್ನು ಕಿವಿಯಿಂದ ಹುಡುಕಿಕೊಳ್ಳುವುದು ಎಷ್ಟು ಖುಷಿ ಕೊಡುತ್ತದೆ ಗೊತ್ತಾ! ಅಂದಹಾಗೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯ ಕಥೆಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ರಾಡೆಲ್ ಸಂಸ್ಥೆ ಕಟ್ಟಿದ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ಸಂಗೀತಗಾರರ ಕಿವಿಗೆ ತಕ್ಕಂತೆ ಸರ್ಕ್ಯೂಟ್ ಮಾಡಬಹುದು ಎಂದು ಈ ಊರಲ್ಲೇ ಎಂದೋ ತೋರಿಸಿ ಆಗಿದೆ.

ಇನ್ನು ಗಮಕ. ತೋಡಿ ರಾಗದ ಗಾಂಧಾರವನ್ನೇ ತೆಗೆದುಕೊಳ್ಳಿ. ಅದು ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ, ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ಓಲಾಡುತ್ತಲೇ ಇರುತ್ತದೆ. ಕ್ವಾಂಟೈಸರ್ ಮೂಲಕ ಕಳಿಸಿದರೆ ಆ ಓಲಾಟ ಮೆಟ್ಟಿಲಾಗಿ ಒಡೆದುಹೋಗುತ್ತದೆ. ಕ್ವಾಂಟೈಸರ್ ತೆಗೆದು, ನಿಧಾನವಾಗಿ ಮೇಲೆ ಕೆಳಗೆ ತೂಗುವ ವೋಲ್ಟೇಜ್ ಕೊಡುವ ಒಂದು ಎಲ್‌ಎಫ್‌ಒ ತಂದು ಸ್ವರಕ್ಕೆ ಸೇರಿಸಿದರೆ ಸಾಕಾ? ಸಾಲದು. ಒಂದೇ ವೇಗ, ಒಂದೇ ಅಗಲ, ಆಂಬುಲೆನ್ಸ್ ಸೈರನ್ ಥರ ಕೇಳುತ್ತದೆ. ಸ್ವರವನ್ನು ಹೀಗೆ ಓಲಾಡಿಸುವ ಕಂಪಿತ ಗಮಕದಲ್ಲಿ ದನಿ ಮೇಲೆ ಹೋಗುವ ವೇಗ ಬೇರೆ, ಕೆಳಗೆ ಬರುವ ವೇಗ ಬೇರೆ. ಶುರುವಿನಲ್ಲಿ ಸಣ್ಣದಾಗಿದ್ದು ಆಮೇಲೆ ಅಗಲವಾಗುತ್ತದೆ, ಕೆಲವು ಸಲ ಮೇಲಿನ ತುದಿಯಲ್ಲಿ ಒಂದು ಕ್ಷಣ ತಡೆಯುತ್ತದೆ.

ಇದನ್ನು ನಾನು ಹೀಗೆ ಮಾಡುತ್ತೇನೆ. ವೋಲ್ಟೇಜ್ ಏರುವುದಕ್ಕೆ ಒಂದು, ಇಳಿಯುವುದಕ್ಕೆ ಒಂದು ನಾಬ್ ಇರುವ ಫಂಕ್ಷನ್ ಜನರೇಟರ್ ತೆಗೆದುಕೊಂಡು, ತನ್ನಷ್ಟಕ್ಕೆ ಮತ್ತೆ ಮತ್ತೆ ಸುತ್ತುವಂತೆ ಬಿಡುತ್ತೇನೆ. ಅದರಿಂದ ಬರುವುದನ್ನು ಬಂದದ್ದನ್ನು ದೊಡ್ಡದು ಚಿಕ್ಕದು ಮಾಡುವ ಒಂದು ವಿಸಿಎ ಮೂಲಕ ಹಾಯಿಸುತ್ತೇನೆ, ಆ ವಿಸಿಎಯನ್ನು ನಿಧಾನವಾಗಿ ತೆರೆಯುವ ವೋಲ್ಟೇಜ್, ಅಂದರೆ ಎನ್ವಲಪ್, ಬೇರೆ, ಹಾಗಾಗಿ ಓಲಾಟ ಸಣ್ಣದಾಗಿ ಶುರುವಾಗಿ ಬೆಳೆಯುತ್ತದೆ. ಇನ್ನೊಂದು ಬಹಳ ನಿಧಾನದ ವೋಲ್ಟೇಜ್ ಈ ಸುತ್ತುವ ವೇಗವನ್ನೇ ಸ್ವಲ್ಪ ಆಚೀಚೆ ಎಳೆಯುತ್ತದೆ. ಕೊನೆಗೆ ಎಲ್ಲವೂ ಥಟ್ಟನೆಯ ಏರಿಳಿತವನ್ನು ನಿಧಾನ ಮಾಡುವ ಒಂದು ಸ್ಲ್ಯೂ ಮೂಲಕ ಹೋಗಿ ಮೂಲೆಗಳು ಉರುಟಾಗುತ್ತವೆ. ಇಷ್ಟಕ್ಕೂ ಬೇಕಾದದ್ದು ಒಂದು ಆಸಿಲೇಟರ್, ನಾಲ್ಕೈದು ಸಾಧಾರಣ ಮಾಡ್ಯೂಲ್. ಎಲ್ಲ ಕೂಡಿ ಅದು ಓಡಾಡುವ ಜಾಗ ನಾಲ್ಕು ಅರ್ಧಸ್ವರ, ಅಂದರೆ ಒಂದು ವೋಲ್ಟಿನ ಮೂರನೇ ಒಂದು ಭಾಗ. ಆ ಪುಟ್ಟ ಜಾಗದಲ್ಲಿ ಒಂದು ಸಂಜೆಯಿಡೀ ಕೂರಬಹುದು. ವೀಣೆಯಲ್ಲಿ ಎಡಗೈ ಮಾಡುತ್ತಿದ್ದ ಕೆಲಸ ಇದೇ ಅಲ್ವಾ, ಇಲ್ಲಿ ತಂತಿ ಎಳೆಯುವ ಬದಲು ವೋಲ್ಟೇಜ್ ಎಳೆಯುತ್ತೇವೆ. ಇದು ಯಾವ ವಿದ್ವಾಂಸರ ತೋಡಿಗೂ ಸಾಟಿ ಎಂದು ನಾನು ಹೇಳುತ್ತಿಲ್ಲ, ಆಗಬೇಕಾದ್ದೂ ಇಲ್ಲ. ಆದರೆ ಇದೇ ಪ್ಯಾಚನ್ನು, ಅಂದರೆ ಇದೇ ಕೇಬಲ್ ಜೋಡಣೆಯನ್ನು, ಇನ್ನೊಬ್ಬರು ಹಾಕಿದರೆ ಖಂಡಿತ ಬೇರೆ ಥರ ಓಲಾಡುತ್ತದೆ. ಅವರು ಕೇಳಿ ಬೆಳೆದ ಗಾಂಧಾರ ಬೇರೆ.

ಮೀಟಿನ ಕಥೆಯೂ ಹೀಗೆಯೇ. ಮೂಗ್ ಅವರ ಕಾಲದಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ಎನ್ನುವವರು ಬೇರೆ ದಾರಿ ಹಿಡಿದರು. ಬಿಳಿ ಕಪ್ಪು ಮನೆಗಳ ಕೀಬೋರ್ಡ್ ಇಟ್ಟರೆ ಜನ ಹಳೆಯ ಸಂಗೀತವನ್ನೇ ನುಡಿಸುತ್ತಾರೆ ಎಂದು ಅದನ್ನು ಬಿಟ್ಟು, ಬೆರಳು ತಾಗಿಸುವ ಪಟ್ಟಿಗಳನ್ನು ಇಟ್ಟರು. ದನಿಯ ಜೋರನ್ನೂ ಹೊಳಪನ್ನೂ ಒಟ್ಟಿಗೇ ಇಳಿಸುವ ಅವರ ಲೋ ಪಾಸ್ ಗೇಟ್‌ನ ಒಳಗೆ ವ್ಯಾಕ್ಟ್ರಾಲ್ ಅನ್ನುವ ಪುಟ್ಟ ಬಿಡಿಭಾಗವಿದೆ. ಬೆಳಕು ಹೊರಗೆ ಹೋಗದಂತೆ ಮುಚ್ಚಿದ ಗೂಡಿನಲ್ಲಿ ಒಂದು ದೀಪ, ಎದುರಿಗೆ ಬೆಳಕಿಗೆ ತಕ್ಕಂತೆ ತಡೆ ಬದಲಿಸುವ ರೆಸಿಸ್ಟರ್. ದೀಪ ಆರಿದ ಮೇಲೂ ರೆಸಿಸ್ಟರ್ ತಕ್ಷಣ ಹಳೆಯ ಸ್ಥಿತಿಗೆ ಬರುವುದಿಲ್ಲ, ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಆ ತಡದಿಂದಲೇ ದನಿ ಆರುತ್ತಾ ಆರುತ್ತಾ ಮಂದವೂ ಆಗುತ್ತದೆ, ಮೀಟಿದ ತಂತಿಯ ಹಾಗೆ. ಎರಡು ವ್ಯಾಕ್ಟ್ರಾಲ್ ಒಂದೇ ಥರ ಇರುವುದು ಅಪರೂಪ. ನನ್ನ ಬಳಿ ಇರುವುದು ಸ್ವಲ್ಪ ಸೋಮಾರಿ, ಬೇಗ ಬೇಗ ಮೀಟಿದರೆ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ನನ್ನ ನುಡಿಸಾಣಿಕೆಯೇ ವಿಳಂಬ ಕಾಲಕ್ಕೆ ಬಂದು ನಿಂತಿದೆ. ಅದನ್ನು ಬದಲಿಸುವ ಮನಸ್ಸು ನನಗಿಲ್ಲ.

ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಡುಸಾಯಿತು. ಅವರು ಆ ದನಿಯಲ್ಲೇ ಹಾಡಿದರು. ಈಗ ನಮಗೆ ಗಂಗೂಬಾಯಿ ಅಂದರೆ ಆ ದನಿಯೇ.

ಇನ್ನೊಂದು ವಿಷಯ ಹೇಳಲೇಬೇಕು. ಅನಲಾಗ್ ಮಾಡ್ಯುಲರ್‌ನಲ್ಲಿ ‘ಸೇವ್’ ಅನ್ನುವುದಿಲ್ಲ. ಕೇಬಲ್ ಕಿತ್ತರೆ ಪ್ಯಾಚ್ ಹೋಯಿತು. ಫೋಟೊ ತೆಗೆದಿಟ್ಟರೂ ನಾಳೆ ಅದೇ ನಾದ ಬರುವುದಿಲ್ಲ. ಹೊಸಬರು ಇದನ್ನು ಕೊರತೆ ಅಂದುಕೊಳ್ಳುತ್ತಾರೆ. ಆದರೆ ಪ್ಯಾಚ್ ಹೋದ ಮೇಲೂ ಕೈಯಲ್ಲಿ ಉಳಿದುಕೊಳ್ಳುವ ರೂಢಿಗಳಿವೆಯಲ್ಲ, ಯಾವ ನಾಬನ್ನು ಮೊದಲು ಮುಟ್ಟುತ್ತೇವೆ, ಫಿಲ್ಟರನ್ನು ಎಷ್ಟು ತೆರೆದರೆ ಸಾಕು ಅನ್ನಿಸುತ್ತದೆ, ಎಲ್ಲಿ ಸುಮ್ಮನಾಗುತ್ತೇವೆ, ಸ್ವಂತ ನಾದ ಸಿಗುವುದು ಅಲ್ಲಿ. ಅದಕ್ಕೇ ಸಣ್ಣ ಪೆಟ್ಟಿಗೆ ಇಟ್ಟುಕೊಂಡು ವರ್ಷಗಟ್ಟಲೆ ಅದರ ಜೊತೆ ಇರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ನುಡಿಸಿದ್ದನ್ನು ರೆಕಾರ್ಡ್ ಮಾಡಿ, ಒಂದು ವಾರ ಬಿಟ್ಟು ಕೇಳಿ. ಬೇರೆಯವರಂತೆ ಕೇಳಿಸಿದ್ದನ್ನು ಮುಲಾಜಿಲ್ಲದೆ ತೆಗೆದುಹಾಕಿ. ರಿವರ್ಬ್ ಇಲ್ಲದೆ ಕೇಳಿ ನೋಡಿ, ಅರ್ಧ ಸಂಗೀತ ಅಲ್ಲೇ ಬಿದ್ದುಹೋಗುತ್ತದೆ. ಉಳಿದ ಅರ್ಧ ನಿಮ್ಮದು.

ಇದೆಲ್ಲ ದುಡ್ಡಿದ್ದವರ ಆಟ ಅನ್ನುವವರಿಗೂ ಉತ್ತರವಿದೆ. ಹೊರದೇಶದಿಂದ ತರಿಸಿದರೆ ಒಂದೊಂದು ಮಾಡ್ಯೂಲಿಗೆ ಸುಂಕ ಸೇರಿ ಹತ್ತಾರು ಸಾವಿರ ಆಗುವುದು ನಿಜ. ಆದರೆ ವಿಸಿವಿ ರ್ಯಾಕ್ ಅನ್ನುವ ಸಾಫ್ಟ್‌ವೇರ್ 2017ರಿಂದ ಪುಕ್ಕಟೆ ಸಿಗುತ್ತಿದೆ, ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ, ಮೇಲೆ ಹೇಳಿದ ತೋಡಿ ಪ್ಯಾಚನ್ನು ಅದರಲ್ಲೇ ಮಾಡಬಹುದು. ಫ್ರಾನ್ಸಿನ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ತನ್ನ ಮಾಡ್ಯೂಲ್‌ಗಳ ಸರ್ಕ್ಯೂಟನ್ನೂ ಕೋಡನ್ನೂ ಎಲ್ಲರಿಗೂ ತೆರೆದಿಟ್ಟಿತು. ಕಂಪನಿ 2022ರಲ್ಲಿ ಮುಚ್ಚಿದರೂ ಆ ವಿನ್ಯಾಸಗಳನ್ನು ಜನ ಇನ್ನೂ ಕಟ್ಟಿಕೊಳ್ಳುತ್ತಿದ್ದಾರೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ 40106 ಅನ್ನುವ ಚಿಪ್ ಸಿಗುತ್ತದೆ, ಬೆಲೆ ಕೆಲವೇ ರೂಪಾಯಿ. ಅದರೊಳಗೆ, ಬಂದ ಸಿಗ್ನಲನ್ನು ತಿರುವಿ ಕೊಡುವ ಆರು ಪುಟ್ಟ ಇನ್ವರ್ಟರ್‌ಗಳಿವೆ. ಒಂದೊಂದಕ್ಕೂ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿದರೆ ಆರು ಆಸಿಲೇಟರ್ ಆಯಿತು. ಶ್ರುತಿಯಲ್ಲಿ ನಿಲ್ಲುವುದಿಲ್ಲ, ಕೊಠಡಿ ಬಿಸಿಯಾದರೆ ಜಾರುತ್ತದೆ. ಆದರೆ ಅಂಥ ಒರಟು ನಾದ ಅಂಗಡಿಯ ಯಾವ ಮಾಡ್ಯೂಲಿನಲ್ಲೂ ಸಿಗಲಿಕ್ಕಿಲ್ಲ.

ಇದು ನಮ್ಮ ದೇಶಕ್ಕೆ ಹೊಸದೂ ಅಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಯೋಜಕ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೂಗ್ ಮಾಡ್ಯುಲರ್ ಇರುವ ಸ್ಟುಡಿಯೊ ಶುರುವಾಯಿತು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶಿಪುರ ಅಲ್ಲಿ ಕೆಲಸ ಮಾಡಿದರು. 1972ರ ಹೊತ್ತಿಗೆ ಅದು ನಿಂತಿತು, ಟೇಪುಗಳು ದಶಕಗಳ ಕಾಲ ಸುಮ್ನೆ ಬಿದ್ದಿದ್ದವು. ಬ್ರಿಟನ್ನಿನ ಸಂಗೀತಗಾರ ಪಾಲ್ ಪರ್ಗಸ್ ಅವುಗಳನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ನಾವೆಲ್ಲ ಕೇಳುವಂತಾಯಿತು. ಐದು ಜನ, ಒಂದೇ ಯಂತ್ರ, ಮೂರೇ ವರ್ಷ. ಕೇಳಿ ನೋಡಿ, ಒಬ್ಬರಂತೆ ಇನ್ನೊಬ್ಬರಿಲ್ಲ.

ಮೈಸೂರಿನಲ್ಲಿ ಗಂಗೂಬಾಯಿ ಅವರ ಹೆಸರಿನಲ್ಲೇ ಸಂಗೀತ ವಿಶ್ವವಿದ್ಯಾಲಯವಿದೆ. ಅಲ್ಲೋ, ಧಾರವಾಡದಲ್ಲೋ ಅಂಥ ಒಂದು ಕೊಠಡಿ ಬೇಕು ಎನ್ನುವುದು ನನ್ನ ಕೋರಿಕೆ. ದೊಡ್ಡದೇನೂ ಬೇಡ. ಸಾಧಾರಣ ಅಳತೆಯ ಒಂದು ಯೂರೋರ್ಯಾಕ್ ಪೆಟ್ಟಿಗೆ, ಎರಡು ಸ್ಪೀಕರ್, ಬೆಸುಗೆ ಹಾಕಲು ಒಂದು ಮೇಜು, ರೆಕಾರ್ಡ್ ಮಾಡಿದ್ದನ್ನು ಜೋಪಾನವಾಗಿ ಇಡುವ ವ್ಯವಸ್ಥೆ. ಗಾಯನ, ವೀಣೆ, ಮೃದಂಗ, ತಬಲಾ ಕಲಿಯುತ್ತಿರುವ ಮಕ್ಕಳಿಗೆ ಒಬ್ಬೊಬ್ಬರಿಗೂ ಅದರ ಜೊತೆ ಕೆಲವು ತಿಂಗಳು ಕೂರಲು ಬಿಡಿ. ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರೂ ಬರಲಿ, ಸರ್ಕ್ಯೂಟ್ ಅವರು ಕಟ್ಟಲಿ, ಶ್ರುತಿ ಇವರು ನೋಡಲಿ. ನೀವೂ ದಯವಿಟ್ಟು ಸಂಗೀತದ ಪುಟದಲ್ಲಿ ಇಂಥ ಕೆಲಸ ಮಾಡುತ್ತಿರುವವರಿಗೆ ಆಗಾಗ ಜಾಗ ಕೊಡಿ. ಯಾವ ಸಿಂಥ್ ಕೊಂಡರು ಎಂದು ಕೇಳುವುದಕ್ಕಿಂತ ಏನನ್ನು ಕೇಳಿ ಬೆಳೆದರು, ಏನನ್ನು ಬಿಟ್ಟರು ಎಂದು ಅವರನ್ನು ಕೇಳಿ ಬರೆಯಿರಿ.

ಇಂತಿ,
ನಿಮ್ಮ ಓದುಗ
ಬೆಂಗಳೂರು