ಇತಿಹಾಸ ಓದಿದವಳು ಇಷ್ಟು ಬೇಗ ಮರುಳಾದಳೇ?

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಾಹ್ಯಾಕಾಶ ಹಡಗೊಂದರ ಕಥೆ ಹೇಳುವ ಹಳೆಯ ಅಮೆರಿಕನ್ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’ ಬಗ್ಗೆ ಬಂದ ಲೇಖನ ಓದಿದೆ. ಖಾನ್ ಮತ್ತು ಮಾರ್ಲಾ ಮ್ಯಾಕ್‌ಗೈವರ್ಸ್ ಅವರದು ದೊಡ್ಡ ಪ್ರೇಮಕಥೆ ಎಂದು ಲೇಖಕರು ಹೊಗಳಿದ್ದಾರೆ. ನನಗಂತೂ ಹಾಗನ್ನಿಸಲಿಲ್ಲ.

1967ರ ‘ಸ್ಪೇಸ್ ಸೀಡ್’ ಕಂತು ಅದು. ಖಾನ್ ಭೂಮಿಯ ಕಾಲು ಭಾಗಕ್ಕೂ ಜಾಸ್ತಿ ಆಳಿದ ಸರ್ವಾಧಿಕಾರಿ. ಇನ್ನೂರು ವರ್ಷ ನಿದ್ದೆ ಹೊಡೆದು ಎದ್ದವನು. ಮಾರ್ಲಾ ಅವನನ್ನು ಕಂಡುಹಿಡಿದ ‘ಎಂಟರ್‌ಪ್ರೈಸ್’ ಬಾಹ್ಯಾಕಾಶ ಹಡಗಿನ ಇತಿಹಾಸ ತಜ್ಞೆ. ಅವನಿನ್ನೂ ಕಣ್ಣು ಬಿಡುವ ಮೊದಲೇ ಇವಳು ಮೈಮರೆತು ನೋಡುತ್ತಾ ನಿಲ್ಲುತ್ತಾಳೆ. ಎದ್ದವನು ಕನ್ನಡಿ ಮುಂದೆ ತಾನೇ ಅವಳ ಕೂದಲು ಬಿಚ್ಚಿ ಹೀಗಿರಲಿ ಅಂತಾನೆ. ಆಮೇಲೆ ಕೈ ಹಿಂಡಿ ಮಂಡಿಯೂರಿಸುತ್ತಾನೆ. ಅವಳು ‘ನೀನು ಹೇಳಿದ್ದೆಲ್ಲ ಮಾಡ್ತೀನಿ’ ಅಂತಾಳೆ, ಹಡಗು ವಶಮಾಡಿಕೊಳ್ಳಲು ಅವನಿಗೆ ನೆರವಾಗ್ತಾಳೆ! ಕಾರಣ? ಕೋಣೆ ತುಂಬಾ ಹಳೆಯ ವೀರರ ಚಿತ್ರ ಬರೆದಿಟ್ಟುಕೊಂಡಿದ್ದಾಳೆ, ಅಷ್ಟೇ. ಖಾನ್ ಪಾತ್ರ ಮಾಡಿದ ರಿಕಾರ್ಡೊ ಮಾಂಟಲ್ಬಾನ್ ಅವರ ಗತ್ತಿಗೆ ಯಾರಾದರೂ ಒಂದು ಗಳಿಗೆ ಸೋಲುತ್ತಾರೆ ಬಿಡಿ, ನಾನೂ ಸೋತೆ. ಆದರೆ ಅದು ನಟನ ಗೆಲುವು, ಕಥೆಯದಲ್ಲ.

ನಾನು ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಇತಿಹಾಸ ಪಾಠ ಮಾಡಿದವಳು. ಬೇಲೂರಿಗೆ ಕರೆದುಕೊಂಡು ಹೋಗಿ, ಹೊಯ್ಸಳ ದೊರೆ ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’, ಅಂದರೆ ತಲಕಾಡು ಗೆದ್ದವನು, ಎಂಬ ಬಿರುದಿತ್ತು ಅಂದರೆ, ‘ಆಗ ತಲಕಾಡಿನವರ ಗತಿ ಏನಾಯ್ತು ಮೇಡಂ?’ ಅಂತ ಕೇಳುವ ಹುಡುಗಿಯರಿದ್ದರು. ಅವರಿಗೆ ಹೊಳೆದದ್ದು ನಕ್ಷತ್ರಗಳ ಮಧ್ಯೆ ಓಡಾಡುವ ತಜ್ಞೆಗೆ ಹೊಳೆಯಬಾರದೇ? ಅದೇ ವರ್ಷ ಇನ್ನೊಂದು ಕಂತಿನಲ್ಲಿ ಗ್ರೀಕ್ ದೇವರು ಅಪೋಲೊಗೆ ಮನಸೋಲುವ ಕ್ಯಾರೊಲಿನ್ ಕೂಡ ಪುರಾತತ್ವ ಓದಿದವಳೇ. ನಮ್ಮ ಸಬ್ಜೆಕ್ಟ್ ಮೇಲೆ ಈ ಧಾರಾವಾಹಿಯವರಿಗೆ ಅದೇನು ಕೋಪವೋ! ಕ್ಯಾರೊಲಿನ್ ಆದರೂ ಕೊನೆಗೆ ಅವನನ್ನು ದೂರ ತಳ್ಳುತ್ತಾಳೆ.

ಮಾರ್ಲಾ ನನಗೆ ನಿಜ ಅನ್ನಿಸಿದ್ದು ಒಂದೇ ಕಡೆ. ಖಾನ್ ಕೈಗೆ ಸಿಕ್ಕಿ ಉಸಿರುಗಟ್ಟಿ ಸಾಯುತ್ತಿದ್ದ ಹಡಗಿನ ಕ್ಯಾಪ್ಟನ್ ಕರ್ಕ್‌ನನ್ನು ಬಿಡಿಸುತ್ತಾಳೆ. ಬಿಡಿಸಿದ ಕೂಡಲೇ, ಖಾನ್‌ನನ್ನು ಕೊಲ್ಲಬೇಡಿ ಅಂತ ಬೇಡುತ್ತಾಳೆ. ಆ ಇಬ್ಬಂದಿಯಿಂದಲೇ ಕಥೆ ಶುರುವಾಗಿದ್ದರೆ ನಾನೂ ನಂಬುತ್ತಿದ್ದೆ. ಆದರೆ ಅಷ್ಟರಲ್ಲಿ ಕಂತೇ ಮುಗಿಯುತ್ತದೆ. ವಿಚಾರಣೆ ಎದುರಿಸುವ ಬದಲು ಅವಳು ಅವನ ಜೊತೆ ಗಡಿಪಾರಾಗಿ ಹೋಗುತ್ತಾಳೆ. ಈ ಕಥೆ ಮುಂದುವರಿಸಿದ 1982ರ ಸಿನಿಮಾ ಹೊತ್ತಿಗೆ ಸತ್ತೇ ಹೋಗಿರುತ್ತಾಳೆ. ಹೆಂಡತಿ ಸತ್ತಳೆಂದು ಕುದಿಯುವ ಖಾನ್ ಅವಳ ಹೆಸರನ್ನು ಒಮ್ಮೆಯೂ ಎತ್ತುವುದಿಲ್ಲ.

ನಿಮ್ಮ ಪುರವಣಿಯಲ್ಲೂ ಖಾನ್ ಫೋಟೊ ಅರ್ಧ ಪುಟ ಇತ್ತು, ಮಾರ್ಲಾಳದ್ದು ಒಂದೂ ಇರಲಿಲ್ಲ.

— ನಿವೃತ್ತ ಇತಿಹಾಸ ಉಪನ್ಯಾಸಕಿ, ಹಾಸನ