ರಾಜೀನಾಮೆ ಬರೆಯುವ ಮೊದಲು

ಪ್ರೀತಿಯ ಮಗಳೇ,

ಪಂಚಾಯ್ತಿ ಅಧ್ಯಕ್ಷ ಸ್ಥಾನ ಮೀಸಲಾತಿಯಲ್ಲಿ ಬುಡಕಟ್ಟಿನವರ ಹಾಡಿಯ ಹೆಣ್ಣುಮಗಳಿಗೆ ಹೋಯಿತು, ನೀನು ಸದಸ್ಯತ್ವಕ್ಕೇ ರಾಜೀನಾಮೆ ಕೊಡ್ತೀನಿ ಅಂತ ಕೂತಿದ್ದೀಯ ಎಂದು ನಿಮ್ಮಪ್ಪ ಹೇಳಿದ. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಫೋನಿನಲ್ಲಾದರೆ ಮಾತಿಗೆ ಮಾತು ಬೆಳೆಯುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸಿ.ಎಂ. ಪೂಣಚ್ಚನವರನ್ನು ನೆನೆಸಿಕೋ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಸಂವಿಧಾನ ಸಭೆಯಲ್ಲಿ ಕೊಡಗಿಗೆ ಇದ್ದದ್ದು ಒಂದೇ ಸ್ಥಾನ, ಅಲ್ಲಿ ಕೂತವರು ಅವರು. 1952ರಲ್ಲಿ ಕೊಡಗು ಇನ್ನೂ ಬೇರೆ ರಾಜ್ಯ. ವಿಧಾನಸಭೆಯಲ್ಲಿ 24 ಜನ, ಸಂಪುಟದಲ್ಲಿ ಇಬ್ಬರೇ. ಪೂಣಚ್ಚನವರು ಮುಖ್ಯಮಂತ್ರಿ, ಕೆ. ಮಲ್ಲಪ್ಪನವರು ಮಂತ್ರಿ. ಮೈಸೂರಿಗೆ ಸೇರಬೇಕೋ ಬೇಡವೋ ಅನ್ನುವುದೇ ಆಗಿನ ದೊಡ್ಡ ಜಗಳ. ಬೇಡ ಎಂದವರ ಮುಂದಾಳು ಪಂದ್ಯಂಡ ಬೆಳ್ಯಪ್ಪನವರು. ಅವರೂ ಗಾಂಧಿಯ ದಾರಿಯವರೇ. ಎರಡು ಕಡೆಯೂ ಒಳ್ಳೆಯವರೇ ಇದ್ದ ಜಗಳ ಅದು.

1956ರ ನವೆಂಬರ್ 1ಕ್ಕೆ ಕೊಡಗು ಮೈಸೂರಿಗೆ ಸೇರಿತು. ಪೂಣಚ್ಚನವರ ಕುರ್ಚಿಯ ಜೊತೆಗೆ ಆ ರಾಜ್ಯವೇ ಇಲ್ಲವಾಯಿತು. ಮುಖ್ಯಮಂತ್ರಿ ಆಗಿದ್ದವರು ನಿಜಲಿಂಗಪ್ಪನವರ ಸಂಪುಟದಲ್ಲಿ ಒಬ್ಬ ಮಂತ್ರಿಯಾಗಿ ಕೂತರು! ನಿನಗೆ ಸಿಗದ ಕುರ್ಚಿಗೆ ಇಷ್ಟು ಸಿಟ್ಟು ಮಾಡಿಕೊಂಡಿದ್ದೀಯ. ಅವರು ಕೈಯಲ್ಲಿದ್ದದ್ದನ್ನೇ ಬಿಟ್ಟುಕೊಟ್ಟವರು.

ಆಮೇಲೆ ರಾಜ್ಯಸಭೆ, 1967ರಲ್ಲಿ ಕೇಂದ್ರದ ರೈಲ್ವೆ ಮಂತ್ರಿ, ಮುಂದೆ ಉಕ್ಕಿನ ಖಾತೆ, ಕೊನೆಗೆ ಮಧ್ಯಪ್ರದೇಶಕ್ಕೂ ಒಡಿಶಾಕ್ಕೂ ರಾಜ್ಯಪಾಲರು. ಆದರೆ ಕೊಡಗಿಗೆ ಇವತ್ತಿಗೂ ರೈಲಿಲ್ಲ. ರೈಲು ಹತ್ತಲು ಮೈಸೂರಿಗೆ ಇಳಿಯಬೇಕು. ನಮ್ಮವರೇ ರೈಲ್ವೆ ಮಂತ್ರಿ ಆಗಿಯೂ ಹೀಗಾಯಿತಲ್ಲ ಎಂದು ನಾನೂ ಎಷ್ಟೋ ವರ್ಷ ಬೇಸರಪಟ್ಟಿದ್ದೇನೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಮನೆ, ತೋಟ ಸಮೇತ ಜಾರಿದ್ದನ್ನು ಕಂಡ ಮೇಲೆ ಆ ಬೇಸರ ಹೋಯಿತು. ಈ ಬೆಟ್ಟಗಳನ್ನು ಕಡಿಯದೆ ಉಳಿದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ.

ಇದನ್ನು ಯಾಕೆ ಹೇಳಿದೆ ಗೊತ್ತಾ? ಗೆದ್ದ ದಿನ ನೀನು, "ಅಧ್ಯಕ್ಷೆ ಆದರೆ ಮೊದಲು ನಮ್ಮ ಮನೆತನದ ಐನ್‌ಮನೆ ರಸ್ತೆಗೆ ಕಾಂಕ್ರೀಟ್ ಹಾಕಿಸ್ತೀನಿ ದೊಡ್ಡಪ್ಪ" ಅಂದಿದ್ದೆ. ನನ್ನ ಮೇಲಿನ ಪ್ರೀತಿಗೆ ಹೇಳಿದ್ದು. ಆದರೂ ಚುಚ್ಚಿತು. ಐನ್‌ಮನೆಗೆ ಜೀಪು ಬರುತ್ತೆ, ಸಾಕು. ಹಾಡಿಗೆ ಮಳೆಗಾಲದಲ್ಲಿ ಆಟೋವೂ ಹೋಗುವುದಿಲ್ಲ, ಅಲ್ವಾ?

ನಾನೂ ಒಮ್ಮೆ ಒಂದು ಸಹಕಾರ ಸಂಘದ ಆಡಳಿತ ಮಂಡಳಿಯಿಂದ ಸಿಟ್ಟಿನಲ್ಲಿ ಎದ್ದು ಬಂದಿದ್ದೆ. ಲೆಕ್ಕದಲ್ಲಿ ತಪ್ಪಿತ್ತು, ನನ್ನ ಮಾತು ಯಾರೂ ಕೇಳಲಿಲ್ಲ. ನಾನು ಹೊರಗೆ ಬಂದ ಮೇಲೆ ಆ ಪುಸ್ತಕ ಬಿಚ್ಚಿ ನೋಡುವವರೇ ಇಲ್ಲವಾದರು. ಸಣ್ಣ ಬೆಳೆಗಾರರಿಗೆ ನಷ್ಟವಾಯಿತು. ಅವರು ದಾರಿಯಲ್ಲಿ ಸಿಕ್ಕರೆ ಈಗಲೂ ನನ್ನ ತಲೆ ತಗ್ಗುತ್ತದೆ.

ಹೊಸ ಅಧ್ಯಕ್ಷೆ ಮೊನ್ನೆವರೆಗೆ ತೋಟದ ಕೂಲಿಗೆ ಹೋಗುತ್ತಿದ್ದವರು. ಕಡತ ಓದುವುದು ಕಷ್ಟ ಆಗಬಹುದು. ಅವರ ಪರವಾಗಿ ಮಾತಾಡಲು ಹೋಗಬೇಡ, ಪಕ್ಕದಲ್ಲಿ ಕೂತು ಓದಿ ಹೇಳು. ನಡಾವಳಿ ಪುಸ್ತಕಕ್ಕೆ ಸಹಿ ಹಾಕುವ ಮೊದಲು ಏನು ಬರೆದಿದೆ ಎಂದು ಇಬ್ಬರೂ ಸೇರಿ ಕೇಳಿ. ಪಂಚಾಯ್ತಿ ಅಧಿಕಾರಿ ಪಿಡಿಒ ಅವಸರ ಮಾಡಿದರೂ ಬಿಡಬೇಡಿ.

ಕಾಫಿ ಕೊಯ್ಲು ಮುಗಿಯುವ ಮೊದಲೇ ಒಂದು ಸಂಜೆ ಅವರ ಹಾಡಿಗೆ ಹೋಗಿ ಬಾ. ಆನೆ ಓಡಾಡುವ ದಾರಿ, ಕತ್ತಲಾಗುವ ಮೊದಲು ಹೊರಡು. ನೀರಿನ ಟ್ಯಾಂಕ್ ಎಲ್ಲಿ ಒಡೆದಿದೆ ಎಂದು ಅವರೇ ತೋರಿಸುತ್ತಾರೆ.

ನಿನ್ನ ದೊಡ್ಡಪ್ಪ